ಗಾಜಿನ ತೊಟ್ಟಿಯ ಗಪ್ಪಿ ಮೀನು

(ಮಹಿಳೆಯರ ಕಲಿಕಾ ಕೇಂದ್ರದ ಸಭೆಯಲ್ಲಿ ಆಡಿದ ಮಾತು)



ಇವತ್ತು ನಾವು ಮೀನಿನ ವಿಷಯ ಮಾತಾಡ್ತೀವಿ. ಮೀನು ಅಂದ ಕೂಡಲೇ ಕೆಲವರು ಮೂಗು ಮುಚ್ಚಿಕೊಂಡ್ರಿ. ಕೆಲವರ ಬಾಯಲ್ಲಿ ನೀರು ಬಂತು. ಇದು ಸಾರಿಗೆ ಹಾಕೋ ಮೀನಲ್ಲ. ಗಾಜಿನ ತೊಟ್ಟಿಯಲ್ಲಿ ಸಾಕೋ ಪುಟ್ಟ ಮೀನು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಹೆಸರು ಗಪ್ಪಿ.

"ಮೀನು ಸಾಕೋದು ದುಡ್ಡಿದ್ದವರ ಚಾಳಿ, ನಮಗ್ಯಾಕೆ?" ಅಂತ ನೀವು ಕೇಳಬಹುದು. ನಾವೂ ಮೊದಲು ಹಾಗೇ ಅಂದವರು. ಆದರೆ ಮಕ್ಕಳು ಕೇಳಬೇಕಲ್ಲ. ಜಾತ್ರೆಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಎರಡು ಮೀನು ಬಿಟ್ಟು ಮಾರ್ತಾರೆ. ಮಗು ಹಟ ಮಾಡುತ್ತೆ. ತಂದು ಉಪ್ಪಿನಕಾಯಿ ಜಾಡಿಯಲ್ಲಿ ಬಿಡ್ತೀವಿ. ಮೂರನೇ ದಿನ ಮೀನು ಹೊಟ್ಟೆ ಮೇಲಾಗಿ ತೇಲುತ್ತೆ. ಮಗು ಅಳುತ್ತೆ. ಆಗ ನಾವು ಏನು ಹೇಳ್ತೀವಿ? "ಅದಕ್ಕೆ ಅಷ್ಟೇ ಆಯಸ್ಸು ಬಿಡು ಕಂದಾ" ಅಂತೀವಿ.

ಈ ಮಾತು ಸುಳ್ಳು. ಗಪ್ಪಿಗೆ ಆಯಸ್ಸು ಸುಮಾರು ಎರಡು ವರ್ಷ. ಮೂರು ದಿನಕ್ಕೆ ಸತ್ತರೆ ಹೆಚ್ಚಿನ ಪಾಲು ತಪ್ಪು ಸಾಕಿದವರದು. ನಾವು ಹೇಗೆ ಸಾಯಿಸಿದೆವು, ಆಮೇಲೆ ಹೇಗೆ ಉಳಿಸಿದೆವು, ಅದನ್ನೇ ಹೇಳ್ತೀವಿ ಕೇಳಿ.

ನಮ್ಮ ಕಲಿಕಾ ಕೇಂದ್ರದಲ್ಲಿ ಓದು ಬರಹ ಕಲಿತ ಮೇಲೆ ಒಂದು ತೊಂದರೆ ಬಂತು. ಕಲಿತದ್ದು ಮರೆತು ಹೋಗ್ತಿತ್ತು. ದಿನಾ ಏನಾದರೂ ಬರೀಬೇಕು ಅಂತ ನಮ್ಮ ಪ್ರೇರಕಿ ಹೇಳಿದರು. ಏನು ಬರೆಯೋದು? ಆಗ ಒಬ್ಬ ಅಕ್ಕ ತಮ್ಮ ಮನೆ ಅಟ್ಟದ ಮೇಲಿದ್ದ ಹಳೇ ಗಾಜಿನ ತೊಟ್ಟಿ ತಂದರು. "ಇದರಲ್ಲಿ ಮೀನು ಬಿಡೋಣ. ದಿನಾ ಎಣಿಸಿ ಬರೆಯೋಣ" ಅಂದರು. ಎಲ್ಲರೂ ಒಪ್ಪಿದೆವು. ಚಂದಾ ಎತ್ತಿ ಪೇಟೆಯಿಂದ ಹತ್ತು ಗಪ್ಪಿ ತಂದೆವು.

ನಮ್ಮ ಕೊಡ 15 ಲೀಟರಿನದು. ತೊಟ್ಟಿಗೆ ಎರಡು ಕೊಡ ನೀರು ಹಿಡಿಯಿತು. ಅಂದರೆ 30 ಲೀಟರ್. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮೀನು ಬಂದದ್ದೇ ತಡ, ಎಲ್ಲರಿಗೂ ಅಕ್ಕರೆ. ಬೆಳಿಗ್ಗೆ ಬಂದವರು ಒಂದು ಚಿಟಿಕೆ ಆಹಾರ ಹಾಕಿದರು. ಮಧ್ಯಾಹ್ನ ಬಂದವರು ಇನ್ನೊಂದು ಚಿಟಿಕೆ. ಸಂಜೆ ಮಕ್ಕಳು ಮಂಡಕ್ಕಿ ಹಾಕಿದರು. ನೀರು ಮಬ್ಬಾಯಿತು. ಶುಕ್ರವಾರ ಮನೆ ತೊಳೆಯೋ ಹಾಗೆ ತೊಟ್ಟಿಯನ್ನೂ ತೊಳೆದೆವು. ಮರಳು, ಕಲ್ಲು ಎಲ್ಲ ಉಜ್ಜಿ ಉಜ್ಜಿ ತೊಳೆದೆವು. ನಲ್ಲಿಯಿಂದ ಹೊಸ ನೀರು ತುಂಬಿದೆವು. ಗಾಜು ಫಳಫಳ ಹೊಳೀತು. ನಮಗೆ ಬಹಳ ಹೆಮ್ಮೆ.

ನಮ್ಮ ಪುಸ್ತಕದಲ್ಲಿ ಹೀಗೆ ಬರೆದಿದೆ:

ಸೋಮವಾರ. ಮೀನು 10.
ಬುಧವಾರ. ಮೀನು 9. ನೀರು ಮಬ್ಬು.
ಶುಕ್ರವಾರ. ಮೀನು 9. ತೊಟ್ಟಿ ತೊಳೆದೆವು.
ಶನಿವಾರ. ಮೀನು 5.
ಸೋಮವಾರ. ಮೀನು 2.

ಸೋಮವಾರದ ಸಾಲು ಬರೆದ ಅಕ್ಕ ಅಂದು ಕಣ್ಣೊರೆಸಿಕೊಂಡರು. ಅವರು ತಮ್ಮ ಕೈಯಾರೆ ಬರೆದ ಮೊದಲ ಸಾಲೇ ಅದು.

ನಮಗೆ ಸಿಟ್ಟು ಬಂತು. ಅಂಗಡಿಯವನು ರೋಗದ ಮೀನು ಕೊಟ್ಟ ಅಂತ ನಾಲ್ಕು ಜನ ಜಗಳಕ್ಕೆ ಹೊರಟೆವು. ಸಾಕ್ಷಿಗೆ ಪುಸ್ತಕವನ್ನೂ ತಗೊಂಡು ಹೋದೆವು. ಅಂಗಡಿ ಹುಡುಗ ನಮ್ಮ ಮಗನ ವಯಸ್ಸಿನವನು.

"ಏನಪ್ಪಾ, ಸಾಯೋ ಮೀನು ಕೊಟ್ಟೆಯಲ್ಲ" ಅಂದೆವು.

ಅವನು ಪುಸ್ತಕ ತೆಗೆದು ಓದಿದ. ಶುಕ್ರವಾರದ ಸಾಲಿನ ಮೇಲೆ ಬೆರಳಿಟ್ಟ.

"ತೊಳೆದ ನೀರು ಯಾವುದು ಅಮ್ಮಾ?"

"ನಲ್ಲಿ ನೀರು."

"ಬ್ಲೀಚಿಂಗ್ ಪೌಡರ್ ವಾಸನೆ ಇತ್ತಾ?"

"ಇತ್ತು. ಅವತ್ತು ಜೋರಾಗೇ ಇತ್ತು."

"ಮರಳನ್ನೂ ಆ ನೀರಲ್ಲೇ ತೊಳೆದ್ರಾ?"

"ಸೋಪಿನ ಪುಡಿ ಹಾಕಿ ತೊಳೆದೆವು."

ಹುಡುಗ ತಲೆ ಮೇಲೆ ಕೈ ಇಟ್ಟುಕೊಂಡ. "ಅಮ್ಮಾ, ನೀವು ಬಹಳ ಶುಚಿ ಮಾಡಿದೀರಿ" ಅಂದ. ಜಗಳಕ್ಕೆ ಹೋದವರು ಪಾಠ ಕೇಳಿಕೊಂಡು ಬಂದೆವು. ಅವನು ಹೇಳಿದ್ದನ್ನು, ಆಮೇಲೆ ನಾವು ಓದಿ ತಿಳಿದದ್ದನ್ನು ಸೇರಿಸಿ ಈಗ ಹೇಳ್ತೀವಿ.

ಬೆಳಿಗ್ಗೆ ದನದ ಕೊಟ್ಟಿಗೆ ಬಾಗಿಲು ತೆಗೆದಾಗ ಒಂದು ಘಾಟು ಮೂಗಿಗೆ ಹೊಡೆಯುತ್ತೆ ಅಲ್ವಾ? ಗಂಜಲದ ಘಾಟು. ಆ ಘಾಟಿನ ಪದಾರ್ಥಕ್ಕೆ ಅಮೋನಿಯಾ ಅಂತಾರೆ. ಮೀನು ಉಸಿರಾಡುವಾಗ, ಹೇಲುವಾಗ ಇದೇ ಅಮೋನಿಯಾ ನೀರಿಗೆ ಸೇರುತ್ತೆ. ತಿನ್ನದೆ ಬಿಟ್ಟ ಆಹಾರ ಕೊಳೆತರೂ ಇದೇ ಬರುತ್ತೆ. ಕೊಟ್ಟಿಗೆ ಘಾಟಾದರೆ ದನವನ್ನು ಹೊರಗೆ ಕಟ್ಟಬಹುದು. ಮೀನು ಎಲ್ಲಿಗೆ ಹೋಗಬೇಕು? ತನ್ನ ಗಂಜಲದಲ್ಲೇ ತಾನು ಉಸಿರಾಡಬೇಕು. ನೀರು ಕಣ್ಣಿಗೆ ತಿಳಿಯಾಗೇ ಕಾಣಬಹುದು. ಒಳಗೆ ವಿಷ ಇರುತ್ತೆ.

ಹಾಗಾದರೆ ಕೆರೆಯಲ್ಲಿ ಮೀನು ಹೇಗೆ ಬದುಕುತ್ತೆ? ಅಲ್ಲಿ ನೀರು ಬಹಳ. ಜೊತೆಗೆ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಮರಳು, ಕಲ್ಲು, ಗಿಡದ ಮೇಲೆ ಕೂತಿರುತ್ತವೆ. ಅವು ಈ ಅಮೋನಿಯಾವನ್ನು ತಿಂದು ಬೇರೆ ಪದಾರ್ಥ ಮಾಡುತ್ತವೆ. ಅದು ಕಡೆಗೆ ಗಿಡಕ್ಕೆ ಗೊಬ್ಬರವಾಗುತ್ತೆ.

ಇದನ್ನು ನಾವು ಹೆಪ್ಪು ಅಂತ ಕರೀತೀವಿ. ಹಾಲಿಗೆ ಹೆಪ್ಪು ಹಾಕಿದರೆ ತಾನೇ ಮೊಸರಾಗೋದು? ತೊಟ್ಟಿಗೂ ಹೆಪ್ಪು ಬೇಕು. ಹೊಸ ತೊಟ್ಟಿಯಲ್ಲಿ ಹೆಪ್ಪು ಇರಲ್ಲ. ತಾನಾಗಿ ಹೆಪ್ಪು ಕೂರಲು ನಾಲ್ಕರಿಂದ ಆರು ವಾರ ಬೇಕು. ಹಳೇ ತೊಟ್ಟಿಯಿಂದ ಒಂದು ಹಿಡಿ ಮರಳು ತಂದು ಹಾಕಿದರೆ ಬೇಗ ಕೂರುತ್ತೆ. ನಾವು ಸೋಪು ಹಾಕಿ ತೊಳೆದಾಗ, ಆಗತಾನೇ ಕೂರ್ತಿದ್ದ ಹೆಪ್ಪೂ ಹೋಯಿತು. ನೀರಿನ ಬ್ಲೀಚಿಂಗ್ ಪೌಡರಿನಿಂದ ಮೀನಿನ ಕಿವಿರೂ ಸುಟ್ಟಿತು. ಕಿವಿರು ಅಂದರೆ ಮೀನು ಉಸಿರಾಡೋ ಅಂಗ.

ಎರಡನೇ ಸಲ ನಾವು ಅವಸರ ಮಾಡಲಿಲ್ಲ. ಉಳಿದ ಎರಡು ಮೀನಿಗೆ ಒಂದೇ ಒಂದು ಸೇರಿಸಿದೆವು. ಒಟ್ಟು ಮೂರು. ಒಂದು ಗಂಡು, ಎರಡು ಹೆಣ್ಣು. ಗಂಡು ಚಿಕ್ಕದು, ಬಾಲ ಬಣ್ಣಬಣ್ಣ. ಹೆಣ್ಣು ದಪ್ಪ, ಬಣ್ಣ ಕಡಿಮೆ. ಒಂದು ಗಂಡಿಗೆ ಎರಡು ಹೆಣ್ಣು ಇರಲೇಬೇಕು. ಇಲ್ಲದಿದ್ದರೆ ಗಂಡು ಒಂದೇ ಹೆಣ್ಣಿನ ಬೆನ್ನು ಹತ್ತಿ ಅದಕ್ಕೆ ಉಸಿರಾಡಲೂ ಬಿಡಲ್ಲ. ಇದನ್ನು ಹೇಳಿದಾಗ ನಮ್ಮ ಅಜ್ಜಿಯೊಬ್ಬರು ನಕ್ಕು ನಕ್ಕು ಸುಸ್ತಾದರು. ಯಾಕೆ ಅಂತ ನಾವು ಕೇಳಲಿಲ್ಲ.

ಮೊದಲ ಒಂದು ತಿಂಗಳು ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದೆವು. ಆಮೇಲೆ ವಾರಕ್ಕೊಮ್ಮೆ. ಎಷ್ಟು ನೀರು? ಕಾಲು ಭಾಗ ಮಾತ್ರ. ತೊಟ್ಟಿ ಎರಡು ಕೊಡದ್ದು. ಅದರ ಕಾಲು ಭಾಗ ಅಂದರೆ ಅರ್ಧ ಕೊಡ. ಪೂರಾ ನೀರು ಎಂದೂ ತೆಗೀಬೇಡಿ. ತೆಗೆದ ನೀರನ್ನು ಚರಂಡಿಗೆ ಚೆಲ್ಲಬೇಡಿ, ಕರಿಬೇವಿನ ಗಿಡಕ್ಕೆ ಹಾಕಿ.

ಹೊಸ ನೀರನ್ನು ಹಿಂದಿನ ದಿನವೇ ಅಗಲ ಬಾಯಿಯ ಬಕೆಟ್ಟಿನಲ್ಲಿ ತುಂಬಿಡಿ. ಒಂದು ದಿನ ತೆರೆದಿಟ್ಟರೆ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಗಾಳಿಗೆ ಹೋಗುತ್ತೆ. ಬೋರ್‌ವೆಲ್ ನೀರಾದರೂ ಹೀಗೇ ಇಟ್ಟು ಹಾಕೋದು ಒಳ್ಳೇದು. ತೊಟ್ಟಿ ನೀರಿನಷ್ಟೇ ಬೆಚ್ಚಗಾಗುತ್ತೆ. ಗಪ್ಪಿಗೆ ಗಡಸು ನೀರು ಹಿಡಿಸುತ್ತೆ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಗೊತ್ತಲ್ಲ, ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಪಾತ್ರೆಗೆ ಬಿಳೀ ಕರೆ ಕಟ್ಟುತ್ತೆ. ಅದನ್ನು ಬೈಯದೆ ಕುಡಿಯೋ ಜೀವ ನಮ್ಮ ಊರಲ್ಲಿ ಇದೊಂದೇ ಇರಬೇಕು.

ತಾಮ್ರದ ಹಂಡೆಯ ನೀರು ಮಾತ್ರ ಬೇಡ. ತಾಮ್ರ ಮೀನಿಗೆ ವಿಷ. ಹೊಸ ಸಿಮೆಂಟ್ ತೊಟ್ಟಿಯ ನೀರೂ ಬೇಡ. ಅದಕ್ಕೆ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ ಕೆಲವು ವಾರ ಹಳತು ಮಾಡಬೇಕು. ಪೂಜೆ ಮಾಡೋರು ಹೊರಗಿನ ಗಾಜಿಗೆ ಕುಂಕುಮ ಇಡಿ, ನೀರಿಗೆ ಹಾಕಬೇಡಿ. ನಮ್ಮಲ್ಲೊಬ್ಬರು ಒಳ್ಳೇದಾಗಲಿ ಅಂತ ಅರಿಶಿನ ಹಾಕಲು ಹೋಗಿದ್ದರು.

ಇನ್ನು ಆಹಾರ. ಮೀನಿನ ಹೊಟ್ಟೆ ಅದರ ಕಣ್ಣಿನಷ್ಟೇ ಇರುತ್ತೆ ಅಂತಾರೆ. ರಂಗೋಲಿ ಪುಡಿ ಹಿಡಿಯೋ ಹಾಗೆ ಎರಡು ಬೆರಳಲ್ಲಿ ಸ್ವಲ್ಪ ಹಿಡಿದು ಉದುರಿಸಿ. ಎರಡು ನಿಮಿಷದಲ್ಲಿ ತಿಂದು ಮುಗಿಸಬೇಕು. ಉಳಿದರೆ ನಾಳೆ ಇನ್ನೂ ಕಡಿಮೆ ಹಾಕಿ. ದಿನಕ್ಕೆ ಒಂದು ಸಲ ಸಾಕು, ಹೆಚ್ಚೆಂದರೆ ಎರಡು. ಎರಡು ದಿನ ನೆಂಟರ ಮನೆಗೆ ಹೋದರೆ ಮೀನು ಸಾಯಲ್ಲ. ಪಕ್ಕದ ಮನೆಯವರಿಗೆ ಹೇಳಿ ಹೋದರೆ ಅವರು ಪ್ರೀತಿಯಿಂದ ಜಾಸ್ತಿ ಹಾಕ್ತಾರೆ, ಆಗ ಸಾಯಬಹುದು. ನಮ್ಮ ಕೇಂದ್ರದಲ್ಲಿ ಈಗ ಒಂದು ಕಟ್ಟು ಮಾಡಿದ್ದೇವೆ. ಆಹಾರ ಹಾಕಿದವರು ಪುಸ್ತಕದಲ್ಲಿ ಬರೀಬೇಕು. ಹಾಕೋ ಮೊದಲು ಪುಸ್ತಕ ಓದಬೇಕು. ಇದರಿಂದ ಓದೋಕೆ ಬೇಸರಪಡ್ತಿದ್ದ ಇಬ್ಬರು ದಿನಾ ಓದೋ ಹಾಗಾಯಿತು.

ಹೆಚ್ಚು ಸಾಮಾನು ಬೇಕಿಲ್ಲ. ಮೀನು ಕಡಿಮೆ ಇದ್ದು, ಗಿಡ ಇದ್ದು, ನೀರು ಬದಲಾಯಿಸ್ತಿದ್ದರೆ ಗುಳ್ಳೆ ಬಿಡೋ ಯಂತ್ರ ಇಲ್ಲದೆಯೂ ಗಪ್ಪಿ ಬದುಕುತ್ತೆ. 30 ಲೀಟರಿಗೆ ಆರು ದೊಡ್ಡ ಮೀನು ಸಾಕು. ಗುಂಡನೆಯ ಸಣ್ಣ ಬಾಯಿಯ ಜಾಡಿ ಬೇಡ. ನೀರಿಗೆ ಗಾಳಿ ಸೇರೋದು ಮೇಲ್ಗಡೆಯಿಂದ. ಬಾಯಿ ಅಗಲ ಇದ್ದಷ್ಟೂ ಒಳ್ಳೇದು. ಬಿಸಿಲು ನೇರವಾಗಿ ಬೀಳೋ ಕಡೆ ಇಡಬೇಡಿ, ನೀರು ಕಾಯುತ್ತೆ, ಪಾಚಿ ಕಟ್ಟುತ್ತೆ. ಕೆರೆಯ ನೀರುಗಿಡ ತರೋದಾದರೆ ಬಕೆಟ್ಟಿನಲ್ಲಿ ಕೆಲವು ದಿನ ಇಟ್ಟು, ಜಾಲಾಡಿ, ನೋಡಿ ಹಾಕಿ. ಜಿಗಣೆ, ಹುಳ ಬಂದುಬಿಡುತ್ತೆ.

ಅಂಗಡಿಯಿಂದ ತಂದ ಮೀನನ್ನು ದಡಕ್ಕನೆ ಸುರೀಬೇಡಿ. ಚೀಲವನ್ನು ಹಾಗೇ ತೊಟ್ಟಿ ನೀರಿನ ಮೇಲೆ ಕಾಲು ಗಂಟೆ ತೇಲಿಬಿಡಿ. ಎರಡೂ ನೀರಿನ ಬಿಸಿ ಒಂದಾಗಲಿ. ಆಮೇಲೆ ಬಿಡಿ.

ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ದರೆ ಹಸಿವು ಅಂತ ತಿಳೀಬೇಡಿ. ಉಸಿರು ಕಟ್ಟಿದೆ. ಕೂಡಲೇ ಕಾಲು ಭಾಗ ನೀರು ಬದಲಾಯಿಸಿ. ಅವತ್ತು ಆಹಾರ ಹಾಕಬೇಡಿ. ಸೊಳ್ಳೆಗೆ ಹೊಡೆಯೋ ಔಷಧಿ ಮೀನಿಗೂ ವಿಷ. ಮನೆಯಲ್ಲಿ ಹೊಡೆಯುವಾಗ, ಬೀದಿಯಲ್ಲಿ ಹೊಗೆ ಬಿಡುವಾಗ ತೊಟ್ಟಿಯನ್ನು ಒದ್ದೆ ಬಟ್ಟೆಯಿಂದ ಮುಚ್ಚಿ.

ಗಪ್ಪಿಯೇ ಯಾಕೆ, ಬಂಗಾರದ ಬಣ್ಣದ ಗೋಲ್ಡ್ ಫಿಷ್ ಯಾಕಲ್ಲ ಅಂತ ಕೇಳ್ತೀರಿ. ಗೋಲ್ಡ್ ಫಿಷ್ ಗೇಣುದ್ದ ಬೆಳೆಯುತ್ತೆ, ಬಹಳ ಹೊಲಸು ಮಾಡುತ್ತೆ, ಸಣ್ಣ ತೊಟ್ಟಿ ಸಾಲದು. ಹೊಸಬರ ಕೈಯಲ್ಲಿ ಹೆಚ್ಚಾಗಿ ಸಾಯೋದು ಅದೇ. ಗಪ್ಪಿ ಗಟ್ಟಿಪಿಂಡ. ಇನ್ನೊಂದು ಗಟ್ಟಿಪಿಂಡ ಇದೆ, ಜೀಬ್ರಾ ಮೀನು. ಮೈಮೇಲೆ ಉದ್ದುದ್ದ ನೀಲಿ ಗೆರೆ. ಅದು ನಮ್ಮ ದೇಶದ್ದೇ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ನಮ್ಮ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದ ಬುಕನನ್ ಅನ್ನೋ ದೊರೆ ಇದ್ದರು. ಅವರೇ 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕದಲ್ಲಿ ಜೀಬ್ರಾ ಮೀನಿನ ಬಗ್ಗೆ ಮೊದಲು ಬರೆದರು. ಅದನ್ನು ಸಾಕೋದಾದರೆ ಆರು ಒಟ್ಟಿಗೆ ಸಾಕಿ, ಮೇಲೆ ಮುಚ್ಚಳ ಇಡಿ. ಅದು ಹಾರುತ್ತೆ.

ಗಪ್ಪಿ ಮಾತ್ರ ಹೊರಗಿನದು. ವೆಸ್ಟ್ ಇಂಡೀಸ್ ಕಡೆಯ ಟ್ರಿನಿಡಾಡ್ ದ್ವೀಪ ಮತ್ತು ಅದರ ಹತ್ತಿರದ ದೇಶಗಳು ಅದರ ತವರು. ಕ್ರಿಕೆಟ್ ನೋಡೋ ಮಕ್ಕಳಿಗೆ ಗೊತ್ತು, ಬ್ರಯಾನ್ ಲಾರಾ ಊರು. ಅಲ್ಲಿದ್ದ ಗಪ್ಪಿ ಅನ್ನೋರು 1866ರಲ್ಲಿ ಈ ಮೀನನ್ನು ಲಂಡನ್ನಿಗೆ ಕಳಿಸಿದರು. ಅವರ ಹೆಸರೇ ಮೀನಿಗೆ ನಿಂತಿತು. ನಮ್ಮ ದೇಶಕ್ಕೆ ನೂರು ವರ್ಷಕ್ಕೂ ಹಿಂದೆ ಇದು ಬಂತು. ನೀರಲ್ಲಿ ಕುಣಿಯೋ ಸೊಳ್ಳೆ ಮರಿಗಳೆಂದರೆ ಇದಕ್ಕೆ ಹಬ್ಬದ ಊಟ.

ಇದು ನಮಗೆ ಬೇಕಾದ ವಿಷಯ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಮಲೇರಿಯಾ ಸಂಶೋಧಕರು ಗಪ್ಪಿ ಬಿಡಿಸಿದರು. ಅಲ್ಲಿ ಮಲೇರಿಯಾ ಇಳಿಯಿತು. ಈಗ ನಮ್ಮ ಕಡೆ ಮಲೇರಿಯಾಕ್ಕಿಂತ ಡೆಂಗಿಯ ಭಯ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಆ ಮಳೆಗಾಲ ನಮ್ಮ ಬೀದಿಯಲ್ಲೇ ಮೂರು ಮಕ್ಕಳು ಮಲಗಿದ್ದವು. ಅದರಲ್ಲಿ ಒಂದು ಮಗು, ಜಾತ್ರೆ ಮೀನಿಗಾಗಿ ಅತ್ತ ಮಗು.

ಆಶಾ ಕಾರ್ಯಕರ್ತೆ ಬಂದು ಮನೆ ಮನೆಯ ನೀರು ನೋಡಿದರು. ಬಟ್ಟೆ ಒಗೆಯೋ ಸಿಮೆಂಟ್ ತೊಟ್ಟಿ, ದನಕ್ಕೆ ನೀರಿಡೋ ತೊಟ್ಟಿ, ಎಲ್ಲದರಲ್ಲೂ ಮರಿ ಕುಣೀತಿತ್ತು. ನಮಗೆ ನೀರು ವಾರಕ್ಕೆ ಎರಡು ಸಲ ಬರುತ್ತೆ. ತುಂಬಿಡದೆ ಏನು ಮಾಡೋಣ? ಆಗ ನೆನಪಾಯಿತು, ನಮ್ಮ ಗಾಜಿನ ತೊಟ್ಟಿ ತುಂಬಾ ಮರಿ ಗಪ್ಪಿ!

ಗಪ್ಪಿ ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ. ಸುಮಾರು ತಿಂಗಳಿಗೊಂದು ಬಾಣಂತನ. ಒಂದು ಸಲಕ್ಕೆ 20, 30, ಕೆಲವು ಸಲ 50 ಮರಿ. ಒಮ್ಮೆ ಗಂಡಿನ ಜೊತೆ ಕೂಡಿದ ಹೆಣ್ಣು ಆಮೇಲೆ ಗಂಡಿಲ್ಲದೆಯೂ ಕೆಲವು ತಿಂಗಳು ಮರಿ ಹಾಕ್ತಾ ಇರುತ್ತೆ. ಮರಿಗಳು ಗಿಡದ ಸಂದಿಯಲ್ಲಿ ಅಡಗದಿದ್ದರೆ ತಾಯಿಯೇ ತಿಂದುಬಿಡುತ್ತೆ. ಮೊದಲು ನೋಡಿದಾಗ ನಮಗೆ ಬಹಳ ಕೆಟ್ಟದೆನಿಸಿತು.

ಬಳಸೋ ನೀರಿನ ದೊಡ್ಡ ತೊಟ್ಟಿಗಳಿಗೆ ಐದಾರು ಗಪ್ಪಿ ಬಿಟ್ಟೆವು. ವಾರದೊಳಗೆ ಸೊಳ್ಳೆ ಮರಿ ಕಾಣದಾದವು. ಆದರೆ ಮೀನು ಬಿಟ್ಟೆವು ಅಂತ ಸುಮ್ಮನೆ ಕೂರೋ ಹಾಗಿಲ್ಲ. ತೆಂಗಿನ ಚಿಪ್ಪು, ಹಳೇ ಟೈರು, ಹೂವಿನ ಕುಂಡದ ತಟ್ಟೆ, ಇಲ್ಲೆಲ್ಲ ಮೀನು ಬಿಡೋಕಾಗುತ್ತಾ? ಡೆಂಗಿ ಸೊಳ್ಳೆಗೆ ಅಂಗೈಯಷ್ಟು ನೀರು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ. ಕುಡಿಯೋ ನೀರಿನ ಡ್ರಮ್ಮಿಗೆ ಮೀನು ಬೇಡ. ಅದನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆ ಚೆನ್ನಾಗಿ ಉಜ್ಜಿ ತೊಳೆದು, ತುಂಬಿ, ಮುಚ್ಚಿಡಿ. ಮೀನಿನ ತೊಟ್ಟಿ ಉಜ್ಜಬೇಡಿ ಅಂದವರು ಈಗ ಡ್ರಮ್ಮು ಉಜ್ಜಿ ಅಂತಾರೆ ಅಂತ ನಗಬೇಡಿ. ಸೊಳ್ಳೆ ಮೊಟ್ಟೆ ಡ್ರಮ್ಮಿನ ಗೋಡೆಗೇ ಅಂಟಿರುತ್ತೆ.

ಇಷ್ಟೆಲ್ಲ ಕೊಟ್ಟ ಮೇಲೂ ಮರಿ ಮಿಕ್ಕಿತು. "ಕೆರೆಗೆ ಬಿಡೋಣ, ಪುಣ್ಯ ಬರುತ್ತೆ" ಅಂದರು ಒಬ್ಬ ಹಿರಿಯಕ್ಕ. ಈ ವಿಷಯದಲ್ಲಿ ನಮ್ಮ ನಮ್ಮಲ್ಲೇ ವಾದ ಆಯಿತು. ಎರಡು ದಿನ ಮಾತು ಬಿಟ್ಟವರೂ ಇದ್ದಾರೆ. ಪ್ರೇರಕಿ ಬಿಡಿಸಿ ಹೇಳಿದರು. ಗಪ್ಪಿ ನಮ್ಮ ಕೆರೆಯದಲ್ಲ. ತಿಂಗಳು ತಿಂಗಳು ಹೆಚ್ಚುತ್ತೆ. ನಮ್ಮ ಕೆರೆಯ ಸಣ್ಣ ಮೀನುಗಳ ಆಹಾರ ತಿನ್ನುತ್ತೆ, ಅವುಗಳ ಮೊಟ್ಟೆ, ಮರಿಯನ್ನೂ ತಿನ್ನುತ್ತೆ. ಸೊಳ್ಳೆಗೆಂದು ಬಿಡೋ ಗಂಬೂಸಿಯಾ ಅನ್ನೋ ಇನ್ನೊಂದು ಮೀನು ಇದಕ್ಕಿಂತ ಜಗಳಗಂಟಿ. ಅದಕ್ಕೇ ಕೆರೆ, ಹಳ್ಳ, ಹೊಳೆಗೆ ಎಂದೂ ಬಿಡಬಾರದು. ಹೊರಗೆ ಹರಿದು ಹೋಗದ ತೊಟ್ಟಿಯಲ್ಲಿ ಮಾತ್ರ ಇರಬೇಕು. ಬಾವಿಗೆ ಬಿಡೋದಾದರೆ ಆರೋಗ್ಯ ಕೇಂದ್ರದವರನ್ನು ಕೇಳಿ. ಹಿರಿಯಕ್ಕ ಆಮೇಲೆ ಒಪ್ಪಿದರು. ಪೂರ್ತಿ ಮನಸ್ಸಿನಿಂದ ಒಪ್ಪಿದರೋ ಇಲ್ಲವೋ ಹೇಳೋಕಾಗಲ್ಲ.

ಈಗ ಮಿಕ್ಕ ಮರಿಗಳನ್ನು ಬೇರೆ ಊರಿನ ಕೇಂದ್ರಗಳಿಗೆ ಕೊಡ್ತೀವಿ. ಜೊತೆಗೆ ನಮ್ಮ ತೊಟ್ಟಿಯ ಒಂದು ಹಿಡಿ ಮರಳು, ಹೆಪ್ಪಿಗೆ.

ಸಭೆ ಮುಗಿದ ಮೇಲೆ ಒಳಕೋಣೆಗೆ ಬನ್ನಿ. ತೊಟ್ಟಿ ಅಲ್ಲೇ ಇದೆ. ಮೊನ್ನೆ ಒಂದು ಹೆಣ್ಣು ಮರಿ ಹಾಕಿದೆ. ನಿನ್ನೆ ಒಬ್ಬರು ಎಣಿಸಿ 23 ಅಂದರು. ಇನ್ನೊಬ್ಬರು 26 ಅಂದರು. ಪುಸ್ತಕದಲ್ಲಿ ಎರಡನ್ನೂ ಬರೆದಿದ್ದೇವೆ. ನೀವೂ ಎಣಿಸಿ ಬರೆಯಿರಿ, ಪೆನ್ಸಿಲು ದಾರಕ್ಕೆ ಕಟ್ಟಿದೆ. ಆಹಾರ ಮಾತ್ರ ಹಾಕಬೇಡಿ. ಬೆಳಿಗ್ಗೆಯೇ ಹಾಕಿ ಆಗಿದೆ.